ಒಳಗೆ ಬಾರದ ಫೋಟೊ

“ತಂಗಿ, ಎಲ್ಲಾರೂ ಒಳಗ ಬಂದ್ರು. ನಮ್ಮವ್ವ ಒಬ್ಬಾಕಿ ಬರವಲ್ಲಳು ನೋಡು.”

ಸಹಾಯವಾಣಿಗೆ ಬರುವ ದೂರುಗಳು ಸಾಮಾನ್ಯವಾಗಿ ಹೀಗೆ ಶುರುವಾಗುವುದಿಲ್ಲ. ನಾನು ಒಂದು ಕೈಯಲ್ಲಿ ಮಗಳು ಅವನಿಯ ಮುಖಕ್ಕೆ ಔಷಧಿ ಹಬೆಯ ಮಾಸ್ಕ್ ಹಿಡಿದಿದ್ದೆ. ಎರಡು ದಿನದಿಂದ ಅವಳಿಗೆ ಉಬ್ಬಸ. ಹಾಗಾಗಿ ಹುಬ್ಬಳ್ಳಿಯ ಆಫೀಸಿಗೆ ಹೋಗದೆ ಮನೆಯಿಂದಲೇ ಕೆಲಸ. ಅಡುಗೆಮನೆಯಲ್ಲಿ ಬೇಳೆ ಕುದಿಯುತ್ತಿತ್ತು.

“ಯಾವ ಫೋಟೊ ನಿಂತೈತ್ರಿ?” ಎಂದೆ.

“ನಾ ಬೆಟಗೇರಿಯಿಂದ ನೀಲಮ್ಮ. ಸಾಲಿ ಅಕ್ಕೋರು ಇದ್ದೆ, ಈಗ ರಿಟೈರ್ ಆಗೇನಿ. ಮೊಮ್ಮಗಳನ್ನ ತೊಟ್ಟಿಲದಾಗ ಹಾಕೋ ಕಾರ್ಯಕ್ರಮಕ್ಕ ಮನಿತನದ ವಿಡಿಯೊ ಮಾಡಾಕತ್ತೀನಿ. ಮುತ್ತಜ್ಜನಿಂದ ಹಿಡಿದು ನಿನ್ನಿ ಮೊನ್ನಿ ಹುಟ್ಟಿದ ಕೂಸಿನ ತನಕ ಎಲ್ಲಾ ಫೋಟೊ ಪಟಪಟ ಇಂಪೋರ್ಟ್ ಆದ್ವು. ಇದೊಂದು ಮುಂಜಾನಿಂದ ತಿರಗಾಕತ್ತೈತಿ.”

ನಾನು ವಾಡಿಕೆಯ ಪ್ರಶ್ನೆಗಳನ್ನು ಕೇಳಿದೆ. ಪೆನ್‌ಡ್ರೈವಿನಿಂದ ನೇರ ಎಳೆಯುತ್ತಿದ್ದೀರಾ? ಇಲ್ಲ, ಕಂಪ್ಯೂಟರಿಗೆ ಇಳಿಸಿಕೊಂಡಿದ್ದರು. ಕ್ಯಾಶ್‌ನಲ್ಲಿ ಉಳಿದ ಹಳೆಯ ಫೈಲುಗಳನ್ನು ಖಾಲಿ ಮಾಡಿದಿರಾ? ಮಾಡಿದ್ದರು. ಒಂದೊಂದೇ ಹಾಕಿ ನೋಡಿದಿರಾ? ನೋಡಿದ್ದರು.

“ಸ್ಕ್ಯಾನ್ ಭಾಳ ದೊಡ್ಡದು ಮಾಡೀರಿ ಅಕ್ಕೋರ. ಸ್ವಲ್ಪ ಸಣ್ಣದು ಮಾಡಿ ಹಾಕ್ರಿ.”

“ನಮ್ಮವ್ವ ಮದ್ಲ ಸಣ್ಣಾಕಿ ಅದಾಳ, ಇನ್ನೆಷ್ಟು ಸಣ್ಣಾಕಿ ಮಾಡ್ಲಿ?” ಎಂದು ನಕ್ಕರು. ಸಣ್ಣದು ಮಾಡಿದರು. ಇಂಪೋರ್ಟ್ ಎಷ್ಟಾಯಿತೆಂದು ತೋರಿಸುವ ಪಟ್ಟಿ ಮುಕ್ಕಾಲು ಭಾಗ ತುಂಬಿ ಅಲ್ಲಿಯೇ ನಿಂತಿತು. ಇಷ್ಟು ಸಣ್ಣ ಫೈಲಿಗೆ ಹಾಗೆ ನಿಲ್ಲಲು ಕಾರಣವೇ ಇರಲಿಲ್ಲ.

ಪ್ರಾಜೆಕ್ಟನ್ನು ನನ್ನ ಜೊತೆ ಹಂಚಿಕೊಳ್ಳಲು ಹೇಳಿದೆ. ಆ ಫೋಟೊ ನನ್ನ ಪರದೆಗೂ ಬಂತು. ಕಪ್ಪು ಬಿಳುಪಿನದು. ಹಳೆಯ ಮನೆಯ ಪಡಸಾಲೆ, ನಡುವೆ ಕೈಕುರ್ಚಿಯಲ್ಲಿ ಕೂತ ಎಳೆಯ ವಯಸ್ಸಿನ ಹೆಂಗಸು. ತಲೆತುಂಬ ಸೆರಗು, ಹಣೆಗೆ ವಿಭೂತಿ, ಕೊರಳಲ್ಲಿ ಸೇವಂತಿಗೆ ಮಾಲೆ. ಮಡಿಲಲ್ಲಿ ಬಟ್ಟೆ ಸುತ್ತಿದ ಹಸುಗೂಸು. ಕೂಸಿನ ಮಗ್ಗುಲಲ್ಲಿ ಸೆರಗಿನಿಂದ ಹೊರಬಂದ ನಾಲ್ಕು ಬೆರಳು. ಒಂದು ಬದಿಗೆ ಗಂಡ, ಇನ್ನೊಂದು ಬದಿಗೆ ಕುರ್ಚಿಗೆ ಅಂಟಿಕೊಂಡು ನಿಂತ ಚಡ್ಡಿಯ ಹುಡುಗ.

“ಆ ಕೂಸು ನಾನು,” ಎಂದರು ನೀಲಮ್ಮ. “ಆ ಹುಡುಗ ನಮ್ಮಣ್ಣ ಶಿವಯೋಗೆಪ್ಪ. ನನ್ನ ತೊಟ್ಟಿಲದಾಗ ಹಾಕಿದ ದಿನ ತೆಗಿಸಿದ್ದಂತ. ಮುಂದ ತಿಂಗಳಿಗೆ ಅವ್ವ ಹೋದ್ಲು. ಆಕಿ ನನ್ನ ಹಿಡಕೊಂಡಿದ್ದು ಈ ಜಗತ್ತಿನಾಗ ಇದೊಂದ ಫೋಟೊದಾಗ, ತಂಗಿ. ಆಕಿ ಉಸಿರಾಡೂದನ್ನ ಒಮ್ಮೆ ನೋಡಬೇಕು. ಅಷ್ಟ.”

* * *

ನಮ್ಮ ತಂತ್ರಾಂಶದ ಹೆಸರು ‘ಉಸಿರು’. ಹೆಸರಿಗೆ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್. ಆದರೆ ಜನ ಕೊಳ್ಳುವುದು ಒಂದೇ ಕಾರಣಕ್ಕೆ: ಅದರೊಳಗೆ ಹಾಕಿದ ಫೋಟೊದಲ್ಲಿನ ಮನುಷ್ಯರು ಉಸಿರಾಡುತ್ತಾರೆ.

ಬದುಕಿರುವ ದೇಹ ಎಂದೂ ಪೂರ್ತಿ ಅಲುಗಾಡದೆ ಇರುವುದಿಲ್ಲ. ಕ್ಯಾಮೆರಾದ ಕಣ್ಣು ತೆರೆದು ಮುಚ್ಚುವಷ್ಟರಲ್ಲಿ ಎದೆ ಒಂದು ಕೂದಲಿನಷ್ಟು ಏರಿರುತ್ತದೆ, ಕತ್ತಿನ ನರ ಒಮ್ಮೆ ಮಿಡಿದಿರುತ್ತದೆ. ಅದರಿಂದ ಅಂಚುಗಳು ಮಸುಕಾಗುತ್ತವೆ. ನಮ್ಮ ಕಣ್ಣಿಗೆ ಕಾಣದ ಆ ಮಸುಕನ್ನು ‘ಉಸಿರು’ ಓದುತ್ತದೆ. ಅದೇ ಮನುಷ್ಯನ ಬೇರೆ ಫೋಟೊ, ವಿಡಿಯೊಗಳಿದ್ದರೆ ಅವುಗಳ ಜೊತೆ ಕೂಡಿಸಿ, ಆ ಉಸಿರು ಹೇಗಿತ್ತೆಂದು ಕಟ್ಟಿಕೊಡುತ್ತದೆ. ಇಂಪೋರ್ಟ್ ಆಗುವಾಗ ನಡೆಯುವ ಕೆಲಸ ಇದೇ. ಹಳೆಯ ಫೋಟೊಗಳಲ್ಲಿ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರುತ್ತಿದ್ದರಿಂದ ಅವು ಇನ್ನೂ ಸುಲಭ. ಗೋಡೆಯ ಮೇಲಿನ ದೇವರ ಪಟ, ಕ್ಯಾಲೆಂಡರಿನ ಮುಖ ಕಂಡರೆ ಅಲ್ಲಿ ಚಲನೆಯೇ ಇಲ್ಲವೆಂದು ತಕ್ಷಣ ಬಿಟ್ಟು ಮುಂದೆ ಹೋಗುತ್ತದೆ.

ಇದು ಬಂದ ಮೇಲೆ ಮನೆಗಳು ಬದಲಾದವು. ಗೋಡೆಯ ಮೇಲೆ ಅಜ್ಜ ಅಜ್ಜಿಯರು ಉಸಿರಾಡತೊಡಗಿದರು. ಅವರ ಮುಂದೆ ಜನ ದನಿ ತಗ್ಗಿಸಿ ಮಾತಾಡುತ್ತಾರೆ. ನನ್ನ ಓರಗಿತ್ತಿ ಸೀರೆ ಬದಲಿಸುವಾಗ ಮಾವನ ಪಟದ ಸ್ವಿಚ್ಚು ಆರಿಸುತ್ತಾಳೆ. ನಮ್ಮ ಓಣಿಯ ಒಬ್ಬರು, ಹೆಂಡತಿಯ ಫೋಟೊ ಇರುವ ಕೋಣೆಯಲ್ಲಿ ಕರೆಂಟು ಹೋದರೆ ಎದ್ದು ಕೂರುತ್ತಾರಂತೆ, ಬರುವ ತನಕ. ಉಸಿರಾಡುವ ಪಟಕ್ಕೆ ಮಾಲೆ ಹಾಕುವುದೋ ಬೇಡವೋ ಎಂಬುದು ಇನ್ನೂ ಯಾರಿಗೂ ಗೊತ್ತಾಗಿಲ್ಲ.

* * *

ಮಾರನೆಯ ದಿನ ಅವನಿಯನ್ನು ಅತ್ತೆಯ ಬಳಿ ಬಿಟ್ಟು ಆಫೀಸಿಗೆ ಹೋದೆ. ದೊಡ್ಡ ಪರದೆಗಳಿರುವ ಪರೀಕ್ಷಾ ಕೋಣೆ ಅಲ್ಲಿಯೇ ಇರುವುದು. ನನ್ನ ಜೊತೆಗಾರ್ತಿ ತಬಸ್ಸುಮ್ ಫೋಟೊ ತೆರೆದಳು.

“ಏನ್ ಕಸ್ತೂರಕ್ಕ, ಒಂದು ಫೋಟೊಕ್ಕ ಇಷ್ಟ್ ತಲಿ ಕೆಡಿಸಿಕೊಂಡೀದಿ? ನಿನ್ನಿ ಒಬ್ಬಾಂವ ಮದುವಿ ಫೋಟೊ ಆರು ಸಾವಿರ ಒಮ್ಮೆಲೆ ಸುರುವಿ, ಮೆಷಿನ್ ಯಾಕ ಬಿಸಿ ಆಗೈತಿ ಅಂತ ನನ್ನ ಬೈದ.”

“ಇದು ಬ್ಯಾರೆ ಐತಿ. ಮಸುಕಿನ ನಕ್ಷೆ ಹಾಕು.”

ನಕ್ಷೆಯಲ್ಲಿ ಚಲಿಸಿದ ಅಂಚುಗಳು ಕೆಂಪಗೆ ಕಾಣುತ್ತವೆ, ಚಲಿಸದವು ನೀಲಿ. ಗಂಡನ ಭುಜ ಕೆಂಪು. ಹುಡುಗನಂತೂ ತುಂಬ ಕೆಂಪು. ಪಾಪ, ನಿಂತಲ್ಲಿ ನಡುಗುತ್ತಿದ್ದನೇನೋ. ಕೂಸು ಒಂದು ಸಣ್ಣ ಕೆಂಡದಂತೆ ಕಂಡಿತು. ಹಿಂದಿನ ಗೋಡೆ ನೀಲಿ, ಕಂಬ ನೀಲಿ, ಕುರ್ಚಿ ನೀಲಿ.

ತಾಯಿಯೂ ನೀಲಿ. ಮುಖ, ಕತ್ತು, ಭುಜ ಎಲ್ಲ. ಕುರ್ಚಿ ಎಲ್ಲಿ ಮುಗಿಯುತ್ತದೆ, ಅವಳು ಎಲ್ಲಿ ಶುರುವಾಗುತ್ತಾಳೆ ಎಂದು ಆ ನಕ್ಷೆಯಲ್ಲಿ ಹೇಳಲಾಗುತ್ತಿರಲಿಲ್ಲ.

“ಭಾರಿ ಗಟ್ಟಿ ಕುಂತಾಳ ನೋಡು ಈಕಿ,” ಎಂದಳು ತಬಸ್ಸುಮ್. “ಅಂದಾಜಿನ ಉಸಿರು ಹಾಕಿಬಿಡೂಣು. ಕೇಸ್ ಮುಗೀತು.”

ಉಸಿರು ಓದಲಾಗದಷ್ಟು ಹಾಳಾದ ಫೋಟೊಗಳಿಗೆಂದು ಆ ಗುಂಡಿ ಇದೆ. ಪಕ್ಕದಲ್ಲಿರುವ, ಮುಖ ಹೋಲುವ ರಕ್ತಸಂಬಂಧಿಯ ಉಸಿರನ್ನು ತಂದು ಕೂರಿಸುತ್ತದೆ. ನಾನು ಬೇಡವೆನ್ನುವಷ್ಟರಲ್ಲಿ ತಬಸ್ಸುಮ್ ಅದನ್ನು ಒತ್ತಿದ್ದಳು.

ಪಟ್ಟಿ ತುಂಬಿತು. ಕುರ್ಚಿಯಲ್ಲಿದ್ದವಳ ಎದೆ ಏರಿತು.

ಏರಿ, ನಡುವೆ ಒಂದು ಕ್ಷಣ ತಡೆದು, ಇಳಿಯಿತು. ಮತ್ತೆ ಏರಿತು. ಮೂಗಿನ ಹೊಳ್ಳೆ ಅರಳಿತು. ಕತ್ತಿನ ಬಳಿ ಸೆರಗು ಸಡಿಲಾದಂತಾಯಿತು. ಅದರ ಒಳಗೆ, ಗದ್ದದ ಕೆಳಗಿನಿಂದ ತಲೆಯ ಮೇಲಕ್ಕೆ ಹೋದ ಒಂದು ಬಿಳಿ ಬಟ್ಟೆಯ ಅಂಚು ಇಣುಕಿತು.

ಅವಳ ಕಣ್ಣನ್ನು ದೊಡ್ಡದು ಮಾಡಿದೆ. ಗಂಡನ ಕಣ್ಣಲ್ಲಿ, ಹುಡುಗನ ಕಣ್ಣಲ್ಲಿ ಎಡಗಡೆಯ ಬಾಗಿಲಿನ ಬೆಳಕು ಚೌಕವಾಗಿ ಮಿನುಗುತ್ತಿತ್ತು. ಅವಳ ಕಣ್ಣಲ್ಲಿ ಮಾತ್ರ ಎರಡು ದುಂಡು ಚುಕ್ಕೆ, ನಟ್ಟ ನಡುವೆ. ಕುಂಚದ ತುದಿಯಿಂದ ಇಟ್ಟದ್ದು. ಆ ಕಾಲದ ಸ್ಟುಡಿಯೊದವರು ಇದನ್ನು ಟಚಪ್ ಎನ್ನುತ್ತಿದ್ದರು. ಮುಚ್ಚಿದ ರೆಪ್ಪೆಗಳ ಮೇಲೆ ಕಣ್ಣು ಬರೆದಿದ್ದರು.

ನಮ್ಮ ಲಿಂಗಾಯತರ ಮನೆಗಳಲ್ಲಿ ತೀರಿಕೊಂಡವರನ್ನು ಕೂರಿಸುತ್ತಾರೆ. ಸ್ನಾನ ಮಾಡಿಸಿ, ಬಾಯಿ ತೆರೆಯದಂತೆ ಗದ್ದ ಕಟ್ಟಿ, ಹೊಸ ಬಟ್ಟೆ ಉಡಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ, ಗೋಡೆಗೋ ಕುರ್ಚಿಗೋ ಆನಿಸುತ್ತಾರೆ. ಮಣ್ಣಿಗೆ ಹೋಗುವುದೂ ಕೂತೇ. ಮನೆಮಂದಿ ಸುತ್ತ ನಿಂತು ಕೊನೆಯ ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮ ಅಜ್ಜನ ಪಕ್ಕ ನಾನೂ ಹಾಗೆ ನಿಂತಿದ್ದೇನೆ. ‘ಉಸಿರ’ನ್ನು ಕಟ್ಟಿದವರು ಎಲ್ಲೋ ದೂರದವರು. ಮನೆಮಂದಿಯ ನಡುವೆ ಕಣ್ಣು ತೆರೆದು ಕೂತವರೆಲ್ಲ ಬದುಕಿರುವವರೆಂದೇ ಅವರು ಅದಕ್ಕೆ ಕಲಿಸಿದ್ದರು.

“ತಬಸ್ಸುಮ್, ತೆಗಿ ಅದನ್ನ. ಈಕಿ ತೀರಿಕೊಂಡಾಳ.”

“ಯಾವಾಗ?”

“ಫೋಟೊ ತೆಗಿಯೂಕ್ಕಿಂತ ಮದ್ಲ.”

ತಬಸ್ಸುಮ್ ಕುರ್ಚಿಯನ್ನು ಹಿಂದಕ್ಕೆ ದೂಡಿಕೊಂಡಳು. “ಯಾ ಅಲ್ಲಾ,” ಎಂದಳು, ಮೆಲ್ಲಗೆ. ಪರದೆಯ ಮೇಲೆ ಎದೆ ಏರುತ್ತಿತ್ತು, ತಡೆಯುತ್ತಿತ್ತು, ಇಳಿಯುತ್ತಿತ್ತು. ಬರೆದ ಕಣ್ಣು ಪಿಳುಕಿಸದೆ ನಮ್ಮಿಬ್ಬರನ್ನು ನೋಡುತ್ತಿತ್ತು.

ಆಗಲೇ ನನ್ನ ಫೋನು ರಿಂಗಾಯಿತು.

“ತಂಗಿ! ಅವ್ವ ಬಂದ್ಲು!”

ಪ್ರಾಜೆಕ್ಟ್ ಹಂಚಿಕೊಂಡದ್ದಾಗಿತ್ತು. ನಾವು ಇಲ್ಲಿ ಮಾಡಿದ್ದೆಲ್ಲ ಬೆಟಗೇರಿಯಲ್ಲಿ ಅವರ ಪರದೆಯ ಮೇಲೂ ಆಗಿತ್ತು.

“ಒಲಿ ಮ್ಯಾಲೆ ಹಾಲು ಇಟ್ಟಿದ್ದೆ, ಉಕ್ಕಿ ಹೋತು, ಹೋಗ್ಲಿ ಬಿಡು,” ಎನ್ನುತ್ತಿದ್ದರು ಅವರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. “ನಿನ್ನ ಹೊಟ್ಟಿ ತಣ್ಣಗಿರಲಿ.”

ತಬಸ್ಸುಮ್ ತೆಗೆದುಹಾಕುವ ಗುಂಡಿಯ ಮೇಲಿದ್ದ ಕೈಯನ್ನು ಹಿಂದೆ ಎಳೆದುಕೊಂಡಳು.

* * *

ಮಧ್ಯಾಹ್ನ ಮನೆಗೆ ಬಂದಾಗ ಅವನಿ ಮಲಗಿದ್ದಳು. ಅವಳ ಎದೆಯಲ್ಲಿ ಸಣ್ಣ ಸಿಳ್ಳಿನ ಸದ್ದು. ನಾನು ರಾಶಿ ಬಿದ್ದಿದ್ದ ಒಗೆದ ಬಟ್ಟೆ ಮಡಚುತ್ತ ಕೂತೆ. ಸದ್ದು ನಿಂತಾಗಲೆಲ್ಲ ಅವಳ ಮೂಗಿನ ಕೆಳಗೆ ಬೆರಳು ಹಿಡಿದು ನೋಡುವುದು ನನ್ನ ಚಾಳಿ. ಬೆರಳಿಗೆ ಬಿಸಿ ತಾಗಿದ ಮೇಲೆ ಇನ್ನೊಂದು ಬಟ್ಟೆ ಮಡಚುತ್ತೇನೆ. ಅಂದು ಎಷ್ಟು ಸಲ ಬೆರಳು ಹಿಡಿದೆನೋ.

ಆಗ ಶಿವಯೋಗೆಪ್ಪನವರ ಫೋನು ಬಂತು. ಚಡ್ಡಿಯ ಹುಡುಗನ ದನಿ ಈಗ ಮುದುಕನದಾಗಿತ್ತು.

“ನೀವ ಏನ್ರಿ ಕಸ್ತೂರಿ ಅನ್ನಾರು? ನನ್ನ ತಂಗಿ ನಂಬರ್ ಕೊಟ್ಲು. ನನ್ನ ಕರದು ಫೋಟೊ ತೋರಿಸಿದ್ಲು.” ಮಾತಿನ ನಡುವೆ ಅವರ ಉಸಿರು ಸಿಕ್ಕಿಕೊಳ್ಳುತ್ತಿತ್ತು. “ನಿಮಗ ಗೊತ್ತಾಗೇತಿ, ಹೌದಲ್ರಿ?”

“ಹೌದ್ರಿ, ಕಾಕಾ.”

“ಆಕಿಗೆ ಹೇಳಬ್ಯಾಡ್ರಿ. ಕೈ ಮುಗೀತೀನಿ.”

ನಿಧಾನವಾಗಿ ಹೇಳಿದರು. ಬಾಣಂತಿಗೆ ಜ್ವರ ಬಂದಿತ್ತು. ತೊಟ್ಟಿಲ ಹಾಕುವ ದಿನವೇ ಹೋದಳು. ಮಗಳಿಗೆ ತಾಯಿಯ ಜೊತೆ ಒಂದಾದರೂ ಫೋಟೊ ಇರಲಿ ಎಂದು ಅಪ್ಪ ಹಟ ಹಿಡಿದ. ಕಣ್ಣು ಬರೆಯಲು ಸ್ಟುಡಿಯೊದವನಿಗೆ ಹೇಳಿದವನೂ ಅವನೇ. ಒಂದು ತಿಂಗಳು ಬದುಕಿದ್ದಳು, ನಿನ್ನನ್ನು ಎತ್ತಿ ಆಡಿಸಿದಳು ಎಂದು ಮಗಳಿಗೆ ಹೇಳಿದ. ಸಾಯುವಾಗ ಮಗನಿಂದ ಮಾತು ತೆಗೆದುಕೊಂಡ.

“ಕೂಸು ಮಡಲಾಗ ನಿಲ್ಲಬೇಕಲ್ರಿ? ಜಾರತಿತ್ತು. ಹಿಂದಿಂದ ಸೆರಗಿನೊಳಗ ಕೈ ಹಾಕಿ ನಾನ ಹಿಡದಿದ್ದೆ. ಆಕಿ ಬೆನ್ನು ನನ್ನ ಕೈಗೆ ತಾಗತಿತ್ತು.” ಉಸಿರೆಳೆದುಕೊಂಡು ಮುಂದುವರಿಸಿದರು. “ನೀಲಾ ಸಣ್ಣಾಕಿ ಇದ್ದಾಗ ಆ ಫೋಟೊದಾಗಿನ ಬೆರಳಿಗೆ ಮುತ್ತು ಕೊಡ್ತಿದ್ಲು. ಅವ್ವನ ಬೆರಳು ಅಂತ. ನಾ ಬಾಜೂಕ ನಿಂತು ನೋಡ್ತಿದ್ದೆ. ಹೆಂಗ ಹೇಳ್ಲಿ?”

ನಾನು ಫೋಟೊ ತೆರೆದು ಮತ್ತೆ ನೋಡಿದೆ. ಅದರಲ್ಲಿ ಹುಡುಗನ ಒಂದೇ ಕೈ ಕಾಣುತ್ತಿತ್ತು. ನಕ್ಷೆಯಲ್ಲಿ, ಆ ನೀಲಿ ಹೆಂಗಸಿನ ಮಡಿಲಲ್ಲಿ, ನಾಲ್ಕು ಬೆರಳು ಕೆಂಪಗಿದ್ದವು.

“ನಾ ಹೇಳೂದಿಲ್ರಿ, ಕಾಕಾ,” ಎಂದೆ. “ಆದ್ರ ಅಕ್ಕೋರು ಕೇಳಿದ್ರ ಸುಳ್ಳು ಹೇಳಾಕೂ ಆಗೂದಿಲ್ಲ ನನಗ.”

* * *

ಅವರು ಕೇಳಿದರು. ಮರುದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ.

“ತಂಗಿ, ನಿನ್ನಿ ಪೂರಾ ಆಕಿ ಮುಂದ ಕುಂತಿದ್ದೆ.” ದನಿಯಲ್ಲಿ ನಿನ್ನೆಯ ಸಂಭ್ರಮ ಇರಲಿಲ್ಲ. “ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಆಕಿ ಉಸಿರು ನಡುವ ತಡೀತೈತಿ. ಎಳಕೋತಾಳ, ನಿಲ್ಲಿಸತಾಳ, ಬಿಡತಾಳ. ಅದು ನಮ್ಮಣ್ಣನ ಉಸಿರು. ಅವಂಗ ಸಣ್ಣಾಂವ ಇದ್ದಾಗಿಂದ ದಮ್ಮು ಐತಿ. ಅವನ ಮಗ್ಗಲಾಗ ಮಲಗಿ ಬೆಳದಾಕಿ ನಾನು, ಕತ್ತಲಾಗೂ ಗುರತ ಹಿಡೀತೀನಿ. ನಮ್ಮವ್ವ ಯಾಕ ನಮ್ಮಣ್ಣನ ಉಸಿರು ಆಡಾಕತ್ತಾಳ?”

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಒಲೆ ಆರಿಸಿದೆ.

“ಅಕ್ಕೋರ, ನಾ ಬೆಟಗೇರಿಗೆ ಬರ್ತೀನಿ. ನಿಮ್ಮಣ್ಣಾರನ್ನೂ ಕರೀರಿ.”

* * *

ಅವನಿಯನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಅವಳನ್ನೂ ಕರೆದುಕೊಂಡು ರೈಲು ಹತ್ತಿದೆ. ನೀಲಮ್ಮನವರ ಮನೆಯಲ್ಲಿ ಕಾರ್ಯಕ್ರಮದ ತಯಾರಿ ನಡೆದಿತ್ತು. ಒಳಕೋಣೆಯಲ್ಲಿ ಬಾಣಂತಿ ಮಗಳು ಮತ್ತು ಕೂಸು, ಪಡಸಾಲೆಯಲ್ಲಿ ಬಣ್ಣ ಹಚ್ಚಿ ಒಣಗಲಿಟ್ಟ ತೊಟ್ಟಿಲು. ಮೂಲೆಯ ಮೇಜಿನ ಮೇಲೆ ಕಂಪ್ಯೂಟರು. ಅದರ ಪರದೆಗೆ ಒಂದು ಟವೆಲು ಮುಚ್ಚಿದ್ದರು.

“ರಾತ್ರಿಯಿಂದ ಮುಚ್ಚೀನಿ,” ಎಂದರು ನೀಲಮ್ಮ. “ನೋಡಾಕೂ ಆಗವಲ್ದು, ಆರಸಾಕೂ ಆಗವಲ್ದು.”

ಶಿವಯೋಗೆಪ್ಪ ಬಾಗಿಲ ಬಳಿ ಕೂತಿದ್ದರು. ನಾನು ಅವನಿಯನ್ನು ಕೂರಿಸುವಷ್ಟರಲ್ಲಿ ಅವರೇ ಶುರು ಮಾಡಿದರು.

“ನೀಲಾ, ಅಂದು ಅವ್ವ ಇರಲಿಲ್ಲ.”

“ಎಂದು?”

“ಆ ಫೋಟೊ ತೆಗಿಯೂ ಮುಂದ. ಮುಂಜಾನೆ ಹೋಗಿದ್ಲು. ಕುಂದರಿಸಿದ್ರು.”

ನೀಲಮ್ಮ ಬೈಯುತ್ತಾರೆ, ಅಳುತ್ತಾರೆ ಎಂದುಕೊಂಡೆ. ಅವರು ಹೋಗಿ ಟವೆಲು ತೆಗೆದರು. ಎದೆ ಏರಿತು, ತಡೆಯಿತು, ಇಳಿಯಿತು. ಬೆನ್ನ ಹಿಂದೆ, ಬಾಗಿಲ ಬಳಿ, ಅದೇ ಉಸಿರು ಅದೇ ತಾಳದಲ್ಲಿ ಎಳೆಯುತ್ತಿತ್ತು. ಒಂದೇ ಕೋಣೆಯಲ್ಲಿ ಎರಡು ಕಡೆಯಿಂದ ಅದನ್ನು ಕೇಳಿದಂತಾಗಿ ನಾನು ಅವನಿಯನ್ನು ಹತ್ತಿರ ಎಳೆದುಕೊಂಡೆ.

“ಹಂಗಾದ್ರ ನನ್ನ ಹಿಡದಿದ್ದ ಬೆರಳು?”

ಶಿವಯೋಗೆಪ್ಪ ತಮ್ಮ ಎಡಗೈ ನೋಡಿಕೊಂಡರು.

ನೀಲಮ್ಮ ಅಣ್ಣನ ಬಳಿ ಹೋಗಿ ಕೆಳಗೆ ಕೂತರು. ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ನೋಡಿದರು. “ಇಷ್ಟ್ ವರ್ಷ ಬಾಯಿ ಮುಚ್ಚಿಕೊಂಡು ಹೆಂಗ ಇದ್ದಿಯೋ, ಖೋಡಿ,” ಎಂದರು. “ಒಂದು ಗುಟ್ಟು ಇಟ್ಟುಕೊಂಡ್ರ ಹೊಟ್ಟಿ ಉಬ್ಬತಿತ್ತು ನಿಂಗ.”

“ಉಬ್ಬೇತಲ್ಲ, ನೋಡು,” ಎಂದು ಅವರು ತಮ್ಮ ಹೊಟ್ಟೆ ತೋರಿಸಿದರು. ಇಬ್ಬರೂ ನಕ್ಕರು. ನಗುತ್ತಲೇ ನೀಲಮ್ಮನವರ ಕಣ್ಣು ತುಂಬಿತು.

ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದರು. “ತಂಗಿ, ಅಣ್ಣನ ಉಸಿರು ಅಣ್ಣಗ ಇರಲಿ. ಆಕಿಗೆ ಹೊರಿಸಬ್ಯಾಡ. ಹೆಂಗ ತೆಗೀಬೇಕು ಹೇಳು.”

“ನಾ ತೆಗೀತೀನ್ರಿ ಅಕ್ಕೋರ.”

“ಬ್ಯಾಡ. ನಾ ತೆಗೀತೀನಿ.”

ಗುಂಡಿ ತೋರಿಸಿದೆ. ಒತ್ತಿದರು. ಪರದೆಯ ಮೇಲೆ ಪ್ರಶ್ನೆ ಮೂಡಿತು: ಈ ವ್ಯಕ್ತಿಯ ಉಸಿರನ್ನು ತೆಗೆದುಹಾಕಬೇಕೆ?

ಈ ಸಾಲನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಎಂದೂ ಓದಿರಲಿಲ್ಲ.

ನೀಲಮ್ಮನವರ ಬೆರಳು ‘ಹೌದು’ ಎಂಬುದರ ಮೇಲೆ ನಿಂತಿತು. ತಾಯಿಯ ಎದೆ ಏರುತ್ತಿತ್ತು. ಏರಿ, ತಡೆದು ನಿಂತಿತು.

“ತಡಿ,” ಎಂದರು ತಮ್ಮಷ್ಟಕ್ಕೆ. “ಹೊರಗ ಬಿಡ್ಲಿ.”

ಎದೆ ಇಳಿಯಿತು. ಪೂರ್ತಿ ಇಳಿದ ಮೇಲೆ ಅವರು ಒತ್ತಿದರು.

ಮುಖ ನಿಶ್ಚಲವಾಯಿತು. ಹೊಳ್ಳೆ, ಕತ್ತು, ಭುಜ ಎಲ್ಲ ನಿಂತವು. ಅವಳು ಮತ್ತೆ ಕುರ್ಚಿಯ ಒಂದು ಭಾಗವಾದಳು. ಗಂಡನ ಭುಜ, ಹುಡುಗನ ಕೊರಳು ಮೊದಲಿನಂತೆ ಆಡುತ್ತಿದ್ದವು. ಬಾಗಿಲ ಬಳಿ ಶಿವಯೋಗೆಪ್ಪ ಬಿಕ್ಕಿದರು. ಪಟ್ಟಿ ಮತ್ತೆ ತಿರುಗತೊಡಗಿ ಅದೇ ಮುಕ್ಕಾಲು ಭಾಗದಲ್ಲಿ ನಿಂತಿತು. ಈಗ ಆರಿಸಿಬಿಡೋಣ ಎಂದು ನಾನು ಕೈ ಚಾಚಿದೆ.

“ಅಜ್ಜಿ, ಹೂವು ಅಳ್ಳಾಡಾಕತ್ತಾವ,” ಎಂದಳು ಅವನಿ.

ನೋಡಿದೆ. ಸೇವಂತಿಗೆ ಮಾಲೆಯ ತುದಿ ಕೂಸಿನ ಬಾಯಿಯ ಹತ್ತಿರ ಇಳಿದಿತ್ತು. ಅಲ್ಲಿನ ಎಸಳುಗಳು ಒಮ್ಮೆ ಆಚೆ ಬಾಗುತ್ತಿದ್ದವು, ಒಮ್ಮೆ ಈಚೆ. ಬಹಳ ಸಣ್ಣ ಚಲನೆ. ಯಾರೂ ಹಾಕಿದ್ದಲ್ಲ, ಅಂದಾಜಿನದೂ ಅಲ್ಲ. ಫೋಟೊದಲ್ಲಿ ನಿಜವಾಗಿ ಇದ್ದದ್ದು. ಯಂತ್ರ ಯಾಕೆ ನಿಲ್ಲುತ್ತಿತ್ತೆಂದು ನನಗೆ ಆಗ ತಿಳಿಯಿತು. ಏನೂ ಆಡದಿದ್ದರೆ ಅದು ಅವಳನ್ನು ಗೋಡೆಯ ಪಟವೆಂದು ಬಿಟ್ಟು ಹೋಗುತ್ತಿತ್ತು. ಆದರೆ ಅವಳ ಎದೆಯ ಮೇಲೆ ಒಂದು ಉಸಿರು ಇತ್ತು. ಅದು ಯಾರದೆಂದು ಯಂತ್ರ ಹುಡುಕುತ್ತ, ಸಿಗದೆ, ಬಿಟ್ಟು ಹೋಗಲೂ ಆಗದೆ, ಅಲ್ಲಿಯೇ ತಿರುಗುತ್ತಿತ್ತು.

“ಯಾರು ಊದಾಕತ್ತಾರ?” ಎಂದು ಕೇಳಿದಳು ಅವನಿ.

ನೀಲಮ್ಮ ಪರದೆಗೆ ಹಣೆ ತಾಗುವಷ್ಟು ಹತ್ತಿರ ಬಾಗಿದ್ದರು.

“ನಾನವ್ವಾ,” ಎಂದರು. “ಮಲಗೀನಿ ನೋಡಲ್ಲೆ.”